ಇಬ್ಬರ ಹೆಸರಿಗೆ ಒಬ್ಬಳ ಎಂಜಲು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಚಿಕ್ಕಮ್ಮ ಹೇಳಿದ್ದನ್ನು ಎರಡೆರಡು ಸಲ ಕೇಳಿ, ಅವಳಿಗೇ ಓದಿ ತೋರಿಸಿ ಬರೆದಿದ್ದೇನೆ.

ಚಿಕ್ಕಮ್ಮನಿಗೆ ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕೆಲಸ. ಉದ್ದ ಮೇಜು, ಆರು ಫೋನು, ಆರು ಹೆಂಗಸರು. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಾರುತ್ತಿದೆ ಎನ್ನುವವರು, ಪೈಪ್ ಒಡೆದು ಮನೆಯೊಳಗೆ ನೀರು ನುಗ್ಗಿದವರು, ಎಲ್ಲರೂ ಮೊದಲು ಬೈಯುವುದು ಫೋನ್ ಎತ್ತಿದವರನ್ನು. ಹನ್ನೊಂದು ವರ್ಷದಿಂದ ಅವಳು ಅದನ್ನು ಕೇಳುತ್ತಿದ್ದಾಳೆ.

ಪಕ್ಕದ ಕುರ್ಚಿಯವಳಿಗೆ ಪಟಾಕಿ ಎಂದು ಅಡ್ಡಹೆಸರು. ಬೈಯುವವರನ್ನೂ ನಗಿಸಿ ಫೋನ್ ಇಡುವ ಗಟ್ಟಿಗಿತ್ತಿ. ಹೋದ ವರ್ಷ ಚಿಕ್ಕಪ್ಪನ ಸೊಂಟದ ಆಪರೇಷನ್ ಆದ ಮೇಲೆ ಚಿಕ್ಕಮ್ಮನಿಗೆ ಒಂದು ಅಭ್ಯಾಸವಾಗಿತ್ತು. ಆ ಕಡೆಯವರು ಕಿರುಚಿದ ಕೂಡಲೇ ರಿಸೀವರನ್ನು ಪಟಾಕಿಯ ಕೈಗೆ ದಾಟಿಸಿಬಿಡುವುದು. "ತನ್ನಿ ಅಕ್ಕಾ, ಬೈಗುಳ ಅಂದ್ರೆ ನಂಗೆ ಹೂವಿನ ಹಾರ" ಎಂದು ಅವಳು ತೆಗೆದುಕೊಳ್ಳುತ್ತಿದ್ದಳು.

ಎರಡು ತಿಂಗಳ ಹಿಂದೆ ಕಚೇರಿಗೆ ಒಬ್ಬ ಡಾಕ್ಟರಮ್ಮ ಬಂದರು. ನಮ್ಮ ಎಂಜಲಿನಲ್ಲಿ ರೋಗ ತಡೆಯುವ ಅಂಶವೊಂದು ಇರುತ್ತದಂತೆ. ಮನಸ್ಸಿನ ಮೇಲೆ ಬಹಳ ದಿನ ಭಾರ ಬಿದ್ದರೆ ಅದು ಕಡಿಮೆಯಾಗಬಹುದಂತೆ. ಒಬ್ಬೊಬ್ಬರ ಮೈ ಒಂದೊಂದು ಥರವಾದ್ದರಿಂದ ಒಂದು ದಿನ ನೋಡಿ ಏನೂ ಹೇಳಲಾಗದು, ಮೂರು ವಾರ ದಿನವೂ ನೋಡಬೇಕು ಎಂದರು. ಹನ್ನೊಂದು ಗಂಟೆಗೆ ಪ್ರತಿಯೊಬ್ಬರೂ ಹೆಸರು ಬರೆದ ಪುಟ್ಟ ಕೊಳವೆಗೆ ಗೆರೆಯವರೆಗೆ ಎಂಜಲು ತುಂಬಿಸಿ ಡಬ್ಬಿಯಲ್ಲಿಡಬೇಕು.

ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಅಂಶ ತೀರಾ ಕಡಿಮೆ ಬಂದವರನ್ನು ಫೋನಿನಿಂದ ಎಬ್ಬಿಸಿ ಕೆಳಗಿನ ಹಳೇ ಕಾಗದದ ಕೋಣೆಗೆ ಹಾಕುತ್ತೇವೆ ಎಂದು ಮೇಲಧಿಕಾರಿ ಸೇರಿಸಿದರು. ಅವರ ಲೆಕ್ಕದಲ್ಲಿ ಅದು ಉಪಕಾರ. ಆದರೆ ಆ ಕೋಣೆಯ ಕೆಲಸ ಮುಗಿಯುವುದು ಸಂಜೆ ಆರಕ್ಕೆ. ಫೋನಿನವರಿಗೆ ಎರಡಕ್ಕೇ ಬಿಡುಗಡೆ. ಮೂರು ಗಂಟೆಗೆ ಚಿಕ್ಕಪ್ಪನನ್ನು ಎಬ್ಬಿಸಿ, ಹಿಡಿದು ನಡೆಸಬೇಕು. ನನ್ನೊಬ್ಬಳ ಕೈಯಲ್ಲಿ ಅವರ ಭಾರ ತಡೆಯುವುದಿಲ್ಲ. ಆ ಕುರ್ಚಿ ಹೋದರೆ ಚಿಕ್ಕಪ್ಪನ ನಡಿಗೆಯೂ ನಿಂತಂತೆ.

ಮೊದಲ ದಿನವೇ ಚಿಕ್ಕಮ್ಮನ ಬಾಯಿ ಒಣಗಿ ಹಪ್ಪಳವಾಯಿತು. ಎಲ್ಲರೂ ಎರಡು ನಿಮಿಷದಲ್ಲಿ ಮುಗಿಸಿದರೂ ಅವಳ ಕೊಳವೆಯಲ್ಲಿ ಬರೀ ಗುಳ್ಳೆ.

"ಅಕ್ಕಾ, ನಿಂಬೆಹಣ್ಣು ನೆನಸ್ಕೊಳ್ಳಿ."

"ನೆನೆಸ್ಕೊಂಡ್ರೆ ಮೇಲಧಿಕಾರಿ ಮುಖಾನೇ ಬರುತ್ತಲ್ಲೇ."

"ಅದೂ ಹುಳೀನೇ ಬಿಡಿ. ಕೊಡಿ ಇಲ್ಲಿ, ನನ್ನ ಬಾಯಲ್ಲಿ ಬಾವಿನೇ ಇದೆ."

ಪಟಾಕಿ ತುಂಬಿಸಿಕೊಟ್ಟಳು. ಚಿಕ್ಕಮ್ಮನಿಗೂ ಸರಿ ಎನಿಸಿತು. ಸದಾ ನಗುವವಳ ಎಂಜಲಲ್ಲವೇ, ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಹೀಗೆ ಮೂರು ವಾರ ಎರಡೂ ಕೊಳವೆಗಳನ್ನು ಒಬ್ಬಳೇ ತುಂಬಿಸಿದಳು.

ಮೊನ್ನೆ ಡಾಕ್ಟರಮ್ಮ ಚಿಕ್ಕಮ್ಮನನ್ನು ಕರೆಸಿದರು. "ಇಡೀ ಕಚೇರಿಯಲ್ಲೇ ನಿಮ್ಮದು, ನಿಮ್ಮ ಪಕ್ಕದವರದು ತೀರಾ ಕಮ್ಮಿ. ಅದೂ ಒಂದೇ ಥರ. ಆ ಎರಡು ಫೋನಿಗೆ ಮಾತ್ರ ಬೇರೆ ಥರದ ಕರೆ ಬರುತ್ತಾ? ನಾಳೆ ವರದಿ ಕೊಡಬೇಕು." ಬಾಯಿಹುಣ್ಣು, ನೆಗಡಿ ಪದೇ ಪದೇ ಬರುತ್ತದೆಯೇ ಎಂದೂ ಕೇಳಿದರು. ಚಿಕ್ಕಮ್ಮ ಎಲ್ಲಕ್ಕೂ "ಇಲ್ಲ" ಎಂದು ಎದ್ದು ಬಂದಳು.

ಪಟಾಕಿ ಊಟಕ್ಕೆ ಕೂತಿದ್ದಳು. ಅನ್ನವನ್ನು ನೀರಾಗಿ ಕಲಸಿ, ಒಂದೇ ದವಡೆಯಲ್ಲಿ ಮೆಲ್ಲಗೆ ಅಗಿಯುತ್ತಿದ್ದಳು.

"ಬಾಯಿ ತೆಗಿಯೇ."

"ಹಲ್ಲು ಎಣಿಸ್ತೀರಾ?"

"ತೆಗಿ ಅಂದೆ."

ಕೆನ್ನೆಯ ಒಳಗೆ ನಾಲ್ಕು ಹುಣ್ಣು. "ಎಷ್ಟು ದಿನದಿಂದ?"

"ಹೋಗುತ್ತೆ, ಬರುತ್ತೆ. ಮಾತು ಜಾಸ್ತಿ ಅಲ್ವಾ, ನಾಲಿಗೆ ಉಜ್ಜಿ ಉಜ್ಜಿ ಆಗಿರಬೇಕು." ಆಮೇಲೆ ತಟ್ಟೆ ನೋಡುತ್ತಲೇ ಹೇಳಿದಳು, "ಮನೆಗೆ ಹೋದ್ರೂ ಅವರ ಕಿರುಚಾಟ ಕಿವೀಲೇ ಇರುತ್ತೆ ಅಕ್ಕಾ."

"ಮತ್ತೆ ನಾನು ಫೋನ್ ಕೊಟ್ಟಾಗೆಲ್ಲ ಯಾಕೆ ತಗೊಂಡೆ?"

"ಬೇಡ ಅನ್ನೋಕೆ ನಿಮ್ಮ ಮುಖ ಬಿಡಬೇಕಲ್ಲ."

ಚಿಕ್ಕಮ್ಮನಿಗೆ ನಾಚಿಕೆಯಾಯಿತು. ಸುಮ್ಮನಿದ್ದರೆ ಇಬ್ಬರೂ ಕೆಳಗಿನ ಕೋಣೆಗೆ ಹೋಗುತ್ತಾರೆ. ಎಂಜಲು ತನ್ನದಲ್ಲ ಎಂದಷ್ಟೇ ಹೇಳಿದರೆ ಪಟಾಕಿ ಒಬ್ಬಳೇ ಹೋಗುತ್ತಾಳೆ, ತನ್ನ ಕುರ್ಚಿ ಉಳಿದರೂ ಉಳಿಯಬಹುದು. ಚಿಕ್ಕಮ್ಮ ಊಟಕ್ಕೂ ಕೂರದೆ ಡಾಕ್ಟರಮ್ಮನ ಬಳಿಗೆ ವಾಪಸು ಹೋಗಿ ಕೊಳವೆಯ ವಿಷಯ ಹೇಳಿದಳು. ಜೊತೆಗೆ, ಒಂದು ವರ್ಷದಿಂದ ತನ್ನ ಪಾಲಿನ ಬೈಗುಳವೂ ಪಟಾಕಿಯ ಕಿವಿಗೇ ಹೋಗುತ್ತಿದೆ ಎಂದೂ ಹೇಳಿದಳು.

ಡಾಕ್ಟರಮ್ಮ ತಲೆ ಹಿಡಿದುಕೊಂಡರು. "ಬಾಯಿ ಒಣಗುತ್ತೆ ಅಂತ ಅವತ್ತೇ ಹೇಳಬಾರದಿತ್ತಾ? ಹೊತ್ತಾದ್ರೂ ಪರವಾಗಿಲ್ಲ, ಎಷ್ಟು ಹೊತ್ತು ಹಿಡೀತು ಅನ್ನೋದನ್ನೂ ಬರ್ಕೊಂಡೇ ನಾವು ಲೆಕ್ಕ ಹಾಕ್ತೀವಿ." ವರದಿ ತಡೆದು, ಇಬ್ಬರದೂ ಮತ್ತೆ ಮೂರು ವಾರ ನೋಡುತ್ತೇವೆ, ಅಲ್ಲಿಯವರೆಗೆ ಅವರವರ ಫೋನನ್ನು ಅವರವರೇ ಕೇಳಬೇಕು ಎಂದರು. ಆಮೇಲೆ ಯಾರ ಕುರ್ಚಿ ಉಳಿಯುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ಚಿಕ್ಕಮ್ಮ ಕೇಳಲೂ ಇಲ್ಲ.

ಆ ಮೂರು ವಾರ ನಾಳೆಯಿಂದ ಶುರು. ಅವಳು ತನಗೆ ಬಂದ ಕರೆಯನ್ನು ಕೊನೆಯವರೆಗೆ ತಾನೇ ಕೇಳುತ್ತಾಳೆ. ಹನ್ನೊಂದಕ್ಕೆ ತನ್ನ ಕೊಳವೆ ಹಿಡಿದು, ಗೆರೆ ಮುಟ್ಟುವವರೆಗೆ ಕೂತಿರುತ್ತಾಳೆ.