ಮೈಕಕ್ಕನ ಪಿಸುದನಿ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಚೇರಿಯಲ್ಲಿ ಅಳುತ್ತ ಕೂತಿದೆ, ಎಲ್ಲವನ್ನೂ ಸಾರುತ್ತಿದ್ದುದು ಅವಳೇ. ಅವಳ ಮುಖ ನೋಡದವರೂ ಆ ದನಿಯನ್ನು ಬಲ್ಲವರಾಗಿದ್ದರು. ಮನೆಯಲ್ಲಿ ಅವಳು ಮತ್ತು ಕಿವಿ ಮಂದವಾದ ಅಮ್ಮ, ಇಬ್ಬರೇ. "ಬೇರೆಯವರ ಮಾತು ಹೊರಗೇ ನಿಲ್ಲುತ್ತೆ. ನಿನ್ನದು ಮಾತ್ರ ನೆಟ್ಟಗೆ ಒಳಗೆ ಬರುತ್ತೆ ನೋಡು," ಎನ್ನುತ್ತಿದ್ದಳು ಅಮ್ಮ.

ಗಂಟಲಿನ ಗೆಡ್ಡೆಗೆ ಮಾಡಿದ ಶಸ್ತ್ರಚಿಕಿತ್ಸೆ ಮೈಕಕ್ಕನ ಜೀವ ಉಳಿಸಿತು, ದನಿಯನ್ನು ಉಳಿಸಲಿಲ್ಲ. ಗೆಡ್ಡೆ ದನಿಯ ನರಕ್ಕೇ ಅಂಟಿಕೊಂಡಿತ್ತು. ಉಳಿದದ್ದು ಗಾಳಿಯಂಥ ಪಿಸುದನಿ. ನಿಲ್ದಾಣದವರು ಅವಳನ್ನು ಪಾರ್ಸೆಲ್ ವಿಭಾಗಕ್ಕೆ ಹಾಕಿದರು. ಅಲ್ಲಿ ಕೈಸನ್ನೆಯಲ್ಲೇ ಕೆಲಸ ಸಾಗುತ್ತಿತ್ತು.

ಮನೆಯಲ್ಲಿ ಸಾಗಲಿಲ್ಲ. ಅಮ್ಮನಿಗೆ ಪಿಸುದನಿ ಕೇಳದು, ಮಸುಕಾದ ಕಣ್ಣಿಗೆ ಬರೆದದ್ದೂ ಕಾಣದು. ಕಿವಿಗೆ ಹಾಕುವ ಮಿಷನ್ನನ್ನು "ತಲೆಯೊಳಗೆ ಜೀರುಂಡೆ ಬಿಟ್ಟ ಹಾಗಿದೆ" ಎಂದು ಎಂದೋ ಕಿತ್ತಿಟ್ಟಿದ್ದಳು. ಮಗಳ ಆಪರೇಷನ್ ಆಗಾಗ ಅವಳಿಗೆ ಮರೆತುಹೋಗುತ್ತಿತ್ತು.

"ನಾನೇನು ತಪ್ಪು ಮಾಡಿದೆ ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ?" ಎಂದು ಊಟದ ತಟ್ಟೆ ದೂಡುವಳು. ಮೈಕಕ್ಕ ಅವಳ ಕೈಯನ್ನು ತನ್ನ ಗಂಟಲಿನ ಗಾಯದ ಗೆರೆಯ ಮೇಲಿಡುವಳು. ಅಮ್ಮ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಳ್ಳುವಳು. ಮರುದಿನ ಮತ್ತೆ ಅದೇ ಮಾತು.

ಡಿಪೋದ ಮೆಕ್ಯಾನಿಕ್ ಒಬ್ಬ ಹಿಂದೆ ಗಿಟಾರ್ ನುಡಿಸುತ್ತಿದ್ದ. ಬೆರಳು ಜಜ್ಜಿಹೋದ ಮೇಲೆ ಬಿಟ್ಟಿದ್ದ. ದನಿ ಜೋರಾಗಿಸುವ ಆಂಪ್ಲಿಫೈಯರ್ ಪೆಟ್ಟಿಗೆ ಅವನ ಮನೆಯ ಮೂಲೆಯಲ್ಲಿ ದೂಳು ಹೊದ್ದು ಕೂತಿತ್ತು. ಮೈಕಕ್ಕ ಅದನ್ನು ಕೇಳಿದಾಗ ಅವನು ತಲೆ ಕೆರೆದುಕೊಂಡ.

"ಅಕ್ಕಾ, ಇದು ಗಿಟಾರಿಗೆ ಅಂತ ಮಾಡಿದ್ದು. ಮಾತು ಚೆನ್ನಾಗಿ ಬರಲ್ಲ."

"ಚೆನ್ನಾಗಿ ಬರೋದು ಬೇಡಪ್ಪ. ಅಮ್ಮನಿಗೆ ಕೇಳಿಸಿದ್ರೆ ಸಾಕು," ಎಂದು ಅವಳು ಅವನ ಕಿವಿಯ ಬಳಿ ಉಸುರಿದಳು.

ಅವನೇ ಹೊತ್ತು ತಂದ, ಜೊತೆಗೊಂದು ಹಳೆಯ ಮೈಕನ್ನೂ. ಗುಂಡಿಗಳ ಕೆಳಗಿನ ಅಕ್ಷರಗಳೆಲ್ಲ ಸವೆದುಹೋಗಿದ್ದವು. ಮೊದಲು ಪ್ಲಗ್ ಬಿಚ್ಚಿ ನೋಡಿದ. ಅರ್ಥ್ ತಂತಿಯನ್ನು ಯಾರೋ ಕತ್ತರಿಸಿದ್ದರು. "ಹೀಗೇ ಹಾಕಿದ್ರೆ ಮೈಕ್ ಹಿಡಿದ ಕೈಗೇ ಶಾಕ್ ಹೊಡೆದೀತು," ಎಂದು ಹೊಸ ವೈರು ಜೋಡಿಸಿದ.

"ಮೈಕ್ ಪಿನ್ನು ಮುಂದಿನ ತೂತಿಗೆ. ಹಿಂದಿನದು ಸ್ಪೀಕರಿಂದು, ಅದರ ತಂಟೆಗೆ ಹೋಗ್ಬೇಡಿ. ಈ ಮೊದಲನೇ ಗುಂಡಿ ಗೇನ್, ಕೊನೇದು ವಾಲ್ಯೂಮ್. ಎರಡೂ ಒಂದೇ ಅನ್ಸುತ್ತೆ, ಅಲ್ಲ. ಗೇನ್ ಒಳಗೆ ಬರೋ ದನೀನ ಹಿಗ್ಗಿಸುತ್ತೆ, ಅತಿಯಾದ್ರೆ ದನಿ ಒಡೆಯುತ್ತೆ. ಗಿಟಾರಿಗೆ ಆ ಒಡಕೇ ಚೆಂದ. ನಿಮಗೆ ಬೇಡ."

ಸ್ವಿಚ್ ಹಾಕಿದ್ದೇ ತಡ, ಮೈಕಕ್ಕ ಬಾಯಿ ತೆರೆಯುವ ಮೊದಲೇ ಪೆಟ್ಟಿಗೆ ಕಿರ್ರೆಂದು ಕಿರುಚಿತು.

"ಅಯ್ಯೋ, ಯಾರ ಕುತ್ತಿಗೆ ಹಿಸುಕ್ತಿದ್ದೀರೋ!" ಎಂದು ಅಮ್ಮ ಕಿವಿ ಮುಚ್ಚಿಕೊಂಡಳು. ಮೈಕಕ್ಕನ ಕಣ್ಣು ಅರಳಿತು. ಅಮ್ಮನಿಗೆ ಕೇಳಿಸಿತ್ತು.

ಸ್ಪೀಕರಿನಿಂದ ಬಂದ ದನಿ ಮತ್ತೆ ಮೈಕಿಗೇ ನುಗ್ಗಿದರೆ ಹೀಗಾಗುತ್ತದೆ ಎಂದು ಅವನು ವಿವರಿಸಿ, ಪೆಟ್ಟಿಗೆಯನ್ನು ಅಮ್ಮನ ಕಡೆ ತಿರುಗಿಸಿ, ಮೈಕಕ್ಕನನ್ನು ಅದರ ಹಿಂದೆ ಕೂರಿಸಿದ. ನಡುವಿನ ಗುಂಡಿಗಳನ್ನು ಒಂದೊಂದಾಗಿ ತಿರುಗಿಸುತ್ತ ಹೋದರು. ತೀರ್ಪು ಅಮ್ಮನದು. ದಪ್ಪ ದನಿಯ ಬೇಸ್ ಏರಿಸಿದಾಗ, "ಯಾರೋ ಬಾವಿಯೊಳಗೆ ಗೊಣಗ್ತಿದ್ದಾರೆ." ಚೂಪು ದನಿಯ ಟ್ರೆಬಲ್ ಪೂರ್ತಿ ಏರಿಸಿದಾಗ, "ತಗಡು ಕೆರೆದ ಹಾಗಿದೆ." ಬೇಸನ್ನು ಪೂರ್ತಿ ಇಳಿಸಿ, ಟ್ರೆಬಲನ್ನು ಕೊಂಚ ತಗ್ಗಿಸಿದಾಗ ಪದಗಳು ಬಿಡಿಬಿಡಿಯಾಗಿ ಹೊರಬಿದ್ದವು.

"ಅಮ್ಮಾ, ಕೇಳಿಸ್ತಾ?"

ಅಮ್ಮ ಪೆಟ್ಟಿಗೆಯ ಕಡೆ ಬಾಗಿ ಕಿವಿಯೊಡ್ಡಿದಳು.

"ಇದು ನಿನ್ನ ದನಿ ಅಲ್ಲ."

"ಅಲ್ಲಮ್ಮ. ಅದು ಹೋಯ್ತು. ಇನ್ಮೇಲೆ ಇದೇ. ನಿನ್ನ ಮೇಲೆ ನಂಗೆ ಕೋಪ ಇಲ್ಲಮ್ಮ, ಯಾವತ್ತೂ ಇರಲಿಲ್ಲ."

ಮೆಕ್ಯಾನಿಕ್ ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಟುಹೋದ. ಮಗಳ ದನಿ ಹೋಗಿದೆ ಎಂಬುದು ಅಮ್ಮನ ಮನಸ್ಸಿಗೆ ನಾಟಿದ್ದು ಅಂದೇ. "ಬಾ ಇಲ್ಲಿ. ಮೊದಲು ಅತ್ತುಬಿಡೋಣ. ಆಮೇಲೆ ಮಾತು," ಎಂದಳು.

ಆಮೇಲೆ ಸಂಜೆಗಳು ಮಾತಿನಲ್ಲಿ ಕಳೆದವು. ಎಳವೆಯಲ್ಲೇ ತೀರಿಕೊಂಡ ತನ್ನ ತಂಗಿಯ ವಿಷಯವನ್ನು ಅಮ್ಮ ಮೊದಲ ಸಲ ಬಾಯಿಬಿಟ್ಟಳು. ಒಲೆಯ ಮೇಲಿಟ್ಟದ್ದು ಸೀದರೂ ಇಬ್ಬರೂ ಏಳುತ್ತಿರಲಿಲ್ಲ. ಸುಸ್ತಾದ ದಿನ ಮೈಕಕ್ಕನ ಉಸಿರೇ ಸಾಲುತ್ತಿರಲಿಲ್ಲ. ಆಗ ಅಮ್ಮ, "ನೀನು ಹೂಂ ಅನ್ನು ಸಾಕು, ನಾನು ಹೇಳ್ತೀನಿ," ಎನ್ನುತ್ತಿದ್ದಳು.

ಚಳಿಗಾಲ ಕಳೆಯುವಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು. ಮೈಕಕ್ಕ ಪೆಟ್ಟಿಗೆಯನ್ನು ಮಂಚದ ಪಕ್ಕಕ್ಕೆ ಎಳೆದು, ತಗ್ಗಿಸಿದ ದನಿಯಲ್ಲಿ ಏನೇನೋ ಹೇಳುತ್ತಲೇ ಇದ್ದಳು. ಒಂದು ಮಧ್ಯಾಹ್ನ ಅಮ್ಮ ಕೈಯೆತ್ತಿದಳು.

"ಅದನ್ನ ಆರಿಸು ಮಗಳೇ. ಹೇಳೋದೆಲ್ಲ ಹೇಳಿದ್ದಾಯ್ತು. ಸುಮ್ನೆ ಹತ್ರ ಕೂತ್ಕೋ."

ಮೈಕಕ್ಕ ವಾಲ್ಯೂಮ್ ಇಳಿಸಿ ಸ್ವಿಚ್ ಆರಿಸಿದಳು. ಮಂಚದ ಅಂಚಿಗೆ ಕೂತು ಅಮ್ಮನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಮರುದಿನ ಬೆಳಗ್ಗೆ ಅಮ್ಮ ಹೋದಳು.