ಹೆಸರಿಲ್ಲದ ಗುಂಪು

ಜನ ಒಂದೆಡೆ ಸೇರಿದರೆ ನಮಗೆ ‘ಜನವೋ ಜನ’ ಎಂದರೆ ಸಾಕು. ಇಂಗ್ಲಿಷಿಗೆ ಆ ಔದಾರ್ಯವಿಲ್ಲ. ಸಂಗೀತ ಕಛೇರಿ ಕೇಳಲು ಕೂತರೆ ಆಡಿಯೆನ್ಸ್, ಸುಮ್ಮನೆ ನೆರೆದರೆ ಕ್ರೌಡ್, ಸಾಲಾಗಿ ನಿಂತರೆ ಕ್ಯೂ, ಸಿಟ್ಟಿನಲ್ಲಿ ನಿಂತರೆ ಮಾಬ್. ಸ್ನಾತಕೋತ್ತರ ಪದವಿಗಾಗಿ ಇಂಥ ಸೂಕ್ಷ್ಮಗಳನ್ನು ಉರುಹೊಡೆದ ನನಗೆ, ಒಂದು ಪದ ಮನುಷ್ಯರನ್ನು ಠಾಣೆಗೆ ಎಳೆಯಬಲ್ಲದೆಂದು ತಿಳಿದದ್ದು ಕಳೆದ ತಿಂಗಳು, ಕರಾವಳಿಯ ಹೆಮ್ಮಾಡಿಯಲ್ಲಿ.

ಹೆದ್ದಾರಿ ದಾಟುತ್ತಿದ್ದ ಮೀನು ಮಾರುವ ಶಾರದಕ್ಕನಿಗೆ ಲಾರಿ ಬಡಿದು ಕಾಲು ಮುರಿಯಿತು. ಅಲ್ಲಿ ದಾಟಲು ವ್ಯವಸ್ಥೆ ಮಾಡಿರೆಂದು ಮೀನು ಮಾರುವ ಹೆಂಗಸರು ಕೊಟ್ಟಿದ್ದ ಅರ್ಜಿಗಳಿಗೆ ಉತ್ತರವೇ ಬಂದಿರಲಿಲ್ಲ. ಮರುದಿನ ಶಾರದಕ್ಕನ ಜೊತೆಗಾತಿಯರು ರಸ್ತೆಗೆ ಅಡ್ಡಲಾಗಿ ಬುಟ್ಟಿ ಸಾಲಿಟ್ಟು ಹಿಂದೆ ನಿಂತರು. ಮೀನಿನ ಹರಾಜಿನಲ್ಲಿ ಬುಟ್ಟಿಯಿಟ್ಟವಳ ಸರದಿಯನ್ನು ಯಾರೂ ಮೀರುವುದಿಲ್ಲ. ಇಲ್ಲಿಯೂ ಅದೇ ಶಿಸ್ತು. ಆಂಬುಲೆನ್ಸಿಗೆ ಎರಡು ಬುಟ್ಟಿ ಸರಿದವು, ಮತ್ತೆ ಸ್ವಸ್ಥಾನಕ್ಕೆ ಬಂದವು. ರಸ್ತೆ ತಡೆದರೆಂದು ಸಂಜೆ ಠಾಣೆಗೆ ಬಂದ ದೂರಿನಲ್ಲಿ ಮಾತ್ರ ಅವರು ‘ಅಪರಿಚಿತ ಮಾಬ್’!

ಮೊದಲ ಬುಟ್ಟಿಯಿಟ್ಟ ಗಿರಿಜಕ್ಕನಿಗೆ ಠಾಣೆಯಿಂದ ಕರೆ ಬಂತು. ಕೇಸಾದರೆ ಅವರೊಬ್ಬರ ತಲೆಗೇ. ಇಂಗ್ಲಿಷ್ ಬಲ್ಲವನೆಂದು ಅವರು ನನ್ನನ್ನೂ ಜೊತೆಗೆ ಕರೆದೊಯ್ದರು. ದಾರಿಯುದ್ದಕ್ಕೂ ನಾನು ಮಾಬ್ ಪದದ ವ್ಯುತ್ಪತ್ತಿಯನ್ನು ವಿವರಿಸುತ್ತಿದ್ದೆ. ಭಯವಾದಾಗ ವಿದ್ವಾಂಸನಾಗುವುದು ನನ್ನ ದೌರ್ಬಲ್ಯ.

“ಮಗಾ, ಪಾಠ ಕಡೀಕ್ ಮಾಡ್. ಕೇಸ್ ಹಾಕ್ತ್ರಾ ಇಲ್ಯಾ, ಅದ್ ಹೇಳ್,” ಎಂದರು ಗಿರಿಜಕ್ಕ.

ಠಾಣೆಯ ಬಾಗಿಲಲ್ಲಿ ಉಳಿದ ಜೊತೆಗಾತಿಯರೂ ಬಂದು ನಿಂತಿದ್ದರು. “ಗುಂಪು ಕಟ್ಟಿಕೊಂಡು ಬಂದಿದ್ದೀರಲ್ಲ!” ಎಂದರು ಅಧಿಕಾರಿ.

“ಗುಂಪಲ್ಲ ಸಾರ್. ಹೆಸ್ರ್ ಬರ್ಕಣಿ. ನಾನ್ ಗಿರಿಜ.”

“ಹೆಸರು ಹೇಳಬೇಡಿ, ಎಲ್ಲರ ಮೇಲೂ ಕೇಸಾಗುತ್ತದೆ,” ಎಂದು ನಾನು ಪಿಸುಗುಟ್ಟಿದೆ. ಯಾರೂ ಕೇಳಲಿಲ್ಲ.

“ನಾನ್ ಲಕ್ಷ್ಮಿ.”

“ಬೇಬಿ.”

“ಗುಲಾಬಿ. ಆಧಾರ್ ಕಾರ್ಡೂ ಇತ್ತ್, ಬೇಕಾ?”

ಅಧಿಕಾರಿ ಬರೆದುಕೊಳ್ಳುತ್ತಿದ್ದ ಹಾಳೆ ತುಂಬಿತು. ಗಿರಿಜಕ್ಕ ಮೇಜಿನತ್ತ ಬಾಗಿದರು. “ನಮ್ ಹೆಸ್ರೆಲ್ಲ ಆಯ್ತಲೆ. ಈಗ ಅರ್ಜಿಗ್ ಉತ್ರ ಕೊಡ್ದೇ ಇದ್ದವ್ರ್ ಹೆಸ್ರ್ ಹಾಕಿ.”

“ಅದು... ಸಂಬಂಧಪಟ್ಟ ಅಧಿಕಾರಿಗಳು.”

“ಅವ್ರಿಗ್ ಹೆಸ್ರಿಲ್ಯಾ?”

ಪೆನ್ನು ನಿಂತಿತು. ಓದುಗ ಮಿತ್ರರೇ, ಕ್ರೌಡು, ಕ್ಯೂ, ಮಾಬುಗಳನ್ನು ವಿಂಗಡಿಸುತ್ತಲೇ ವಿದ್ಯಾವಂತನಾದ ನಾನು, ‘ಸಂಬಂಧಪಟ್ಟವರು’ ಕೂಡ ಒಂದು ಗುಂಪೆಂದು ಗುರುತಿಸಿಯೇ ಇರಲಿಲ್ಲ: ಕೂಗದೆ, ಕಲ್ಲೆಸೆಯದೆ, ಮುಖವನ್ನೇ ತೋರಿಸದೆ ಕಾಲು ಮುರಿಯಬಲ್ಲ ಗುಂಪು.

ಆ ಹೆಸರು ಕೇಳಲು ಅಧಿಕಾರಿ ಫೋನೆತ್ತಿಕೊಂಡರು. ಗಿರಿಜಕ್ಕ ಬೆಂಚಿನ ಮೇಲೆ ಕೂತರು.

“ಕೇಂಡ್ ಹೇಳಿ. ಅಲ್ಲಿವರಿಗ್ ನಾವ್ ಇಲ್ಲೇ.”