ಮುಖಂಡರ ಮೂಗು

ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಕೂತು ನಮ್ಮೂರ ಪೇಂಟರು ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಮೊದಲು ಮೂಗು, ಆಮೇಲೆ ಉಳಿದ ಮನುಷ್ಯ. “ಮೂಗ ಸಿಕ್ತಂದ್ರ ಮನಶಾ ಸಿಕ್ಕಂಗರೀ ಸರ” ಎನ್ನುತ್ತಿದ್ದರು. ನಮ್ಮ ಮನೆತನದ ಮೊದಲ ಪದವೀಧರ ನಾನು. ಆ ‘ಸರ’ ನನಗೆ ಹಿತವಾಗಿತ್ತು.

ಕಬ್ಬಿನ ಗಾಡಿಗಳು ಫ್ಯಾಕ್ಟರಿ ಮುಂದೆ ಒಣಗುತ್ತ ನಿಂತಾಗ, ಆ ಫ್ಯಾಕ್ಟರಿ ನಡೆಸುವ ನಮ್ಮ ಭಾಗದ ಮುಖಂಡರ ಮೂಗನ್ನು ರಸ್ತೆಗೆ ಅಡ್ಡ ಬಿದ್ದ ದಿಮ್ಮಿಯಂತೆ ಬರೆದರು. ಅದು ಅಚ್ಚಾದ ದಿನ ಹೊಡೆಯಲು ಜನ ಬರುತ್ತಾರೆಂದು ಹೆದರಿಕೊಂಡು ಕೂತೆವು. ಬಂದದ್ದು ಮುಖಂಡರ ಜೀಪು, ಊಟಕ್ಕೆ ಕರೆಯಲು.

“ಏ ಪೇಂಟರ, ಭಾರಿ ಮೂಗ ತಗದೀಪಾ! ಅಸಲ ಚಿತ್ರ ಕೊಡು, ಫ್ರೇಮ್ ಹಾಕ್ಸಿ ಪಡಸಾಲ್ಯಾಗ ತೂಗಹಾಕತೇನಿ” ಎಂದು ಮುಖಂಡರು ಹೊಟ್ಟೆ ಕುಣಿಸಿ ನಕ್ಕು, ಶಾಲು ಹೊದಿಸಿದರು. ಜೊತೆಗೆ ಹೋದ ನನಗೂ ಹೋಳಿಗೆ ಬಡಿಸಿದರು. ಪೇಂಟರು ಚಿತ್ರ ಕೊಟ್ಟು, ತಲೆ ತಗ್ಗಿಸಿ ಉಂಡರು.

ದಾರಿಯಲ್ಲಿ ಶಾಲನ್ನು ಚೀಲಕ್ಕೆ ತುರುಕುತ್ತ, “ನಾ ಬೈದದ್ದು ನಾಟಲೇ ಇಲ್ರೀ ಸರ” ಎಂದರು.

ಮುಂದಿನ ವಾರ ಮತ್ತೆ ಅದೇ ಮುಖಂಡರನ್ನು ಬರೆಯಲು ಕೂತರು. ಮೂಗು ಎಲ್ಲರ ಮೂಗಿನಷ್ಟೇ ಬಂತು. ಹರಿದು ಮತ್ತೆ ಬರೆದರು, ಮತ್ತೂ ಅಷ್ಟೇ. ಚಹಾದವ ಬಗ್ಗಿ ನೋಡಿದ.

“ಇವ್ರ್ಯಾರ್ರೀ? ಗುರ್ತ ಹತ್ತವಲ್ದು.”

ಅವರು ಚಿತ್ರವನ್ನು ಅಂಗೈಯಿಂದ ಮುಚ್ಚಿಕೊಂಡರು.